ತರಕಾರಿ ನೂಡಲ್ಸ್ ಮಾಡುವ ಬಗೆ: ಕೈ ಸ್ಪೈರಲೈಜರ್, ಉಪ್ಪು ಮತ್ತು ಜೋರು ಉರಿ

ತರಕಾರಿಯನ್ನೇ ಸ್ಪೈರಲೈಜರ್ ಎಂಬ ಉಪಕರಣದಲ್ಲಿ ತಿರುಗಿಸಿ, ಉದ್ದ ಎಳೆಗಳಾಗಿ ಕೊರೆದು ಮಾಡುವುದು ತರಕಾರಿ ನೂಡಲ್ಸ್. ಅದು ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ನೀರಿನಿಂದ. ಗೋಧಿಯ ನೂಡಲ್ಸ್ ನೀರು ಕುಡಿದು ಬೇಯುತ್ತದೆ. ತರಕಾರಿಯ ಎಳೆ ಬೇಯುತ್ತ ಬೇಯುತ್ತ ನೀರು ಬಿಡುತ್ತದೆ. ಸೌತೆಯಂತೆ ಕಾಣುವ ಜುಕಿನಿ, ಸೌತೆಕಾಯಿ, ಮೂಲಂಗಿ ಇವುಗಳ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ; ಗಟ್ಟಿ ಎಂದು ನಾವು ನಂಬಿದ ಕ್ಯಾರೆಟ್‌ನಲ್ಲೂ 88 ಪಾಲು ಇದೆ. ಪೊಟ್ಟಣದ ನೂಡಲ್ಸ್ ಮಾಡುವ ಕ್ರಮವನ್ನೇ ಇದಕ್ಕೂ ಹಚ್ಚಿ, ಕುದಿಯುವ ನೀರಿಗೆ ಹಾಕಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಪಾತ್ರೆಯ ತಳದಲ್ಲಿ ಸಾರು, ಮೇಲೆ ಒದ್ದೆ ಬಟ್ಟೆಯಾದ ಎಳೆಗಳು ಉಳಿಯುತ್ತವೆ. ಆಮೇಲೆ ಉಪಕರಣ ಕಪಾಟಿನ ಮೂಲೆ ಸೇರುತ್ತದೆ. ತಿರುಗಿಸುವ ಕೆಲಸ ಹತ್ತು ನಿಮಿಷದ್ದು, ಅದನ್ನು ಯಾರು ಬೇಕಾದರೂ ಕಲಿಯಬಹುದು. ನೀರನ್ನು ಎಲ್ಲಿ ಹಿಂಡಬೇಕು, ಎಲ್ಲಿ ಬಿಡಬೇಕು ಎಂಬುದೇ ನಿಜವಾದ ಪಾಕ.

ಮುಂಬಯಿಯ ಅಡುಗೆಮನೆಗೆ ಕೈಯಲ್ಲಿ ಹಿಡಿಯುವ ಸ್ಪೈರಲೈಜರೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಿಡಿಕೆ ತಿರುಗಿಸುವ ದೊಡ್ಡ ಯಂತ್ರವನ್ನು ಕಟ್ಟೆಗೆ ರಬ್ಬರ್ ಪಾದದಿಂದ ಅಂಟಿಸಬೇಕು, ಅದಕ್ಕೆ ನುಣುಪಾದ, ಖಾಲಿಯಾದ ಕಟ್ಟೆ ಬೇಕು. ಒಲೆ, ಮಿಕ್ಸರ್, ನೀರಿನ ಫಿಲ್ಟರ್, ಪಾತ್ರೆಯ ಬುಟ್ಟಿ ಇಟ್ಟ ಮೇಲೆ ನಮ್ಮ ಕಟ್ಟೆಯಲ್ಲಿ ಉಳಿಯುವುದು ಚಪಾತಿ ಮಣೆಯಷ್ಟು ಜಾಗ. ಕೈ ಸ್ಪೈರಲೈಜರ್ ಸೌಟುಗಳ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಅದರ ಮಿತಿಯನ್ನೂ ಹೇಳಿಬಿಡುತ್ತೇನೆ: ಇಬ್ಬರು ಮೂವರಿಗೆ ಸಾಕು, ಹತ್ತು ಜನರ ಊಟಕ್ಕೆ ಮಣಿಕಟ್ಟು ನೋಯುತ್ತದೆ. ಸಂಧಿನೋವು ಇರುವವರು ಇದನ್ನು ಕೊಳ್ಳದಿರುವುದೇ ಒಳ್ಳೆಯದು.

ಕೊಳ್ಳುವಾಗ

ಉಪಕರಣದ ರಚನೆ ಸರಳ. ಪೆನ್ಸಿಲ್ ಕೆತ್ತುವ ಶಾರ್ಪನರ್ ಹೇಗೋ ಹಾಗೆಯೇ: ಬಾಯಿಗೆ ತರಕಾರಿ ತೂರಿಸಿ ತಿರುಗಿಸಿದರೆ ಅಲಗು ಸುತ್ತಲೂ ಕೊರೆಯುತ್ತ ಹೋಗುತ್ತದೆ, ಪಕ್ಕದ ಕಿಂಡಿಯಿಂದ ಎಳೆ ಹೊರಬರುತ್ತದೆ, ನಡುವೆ ಒಂದು ಕಡ್ಡಿ ಉಳಿಯುತ್ತದೆ. ಎರಡೂ ತುದಿಯಲ್ಲಿ ಬಾಯಿ ಇರುವ, ನಡು ಸಣ್ಣಗಾದ ಮಾದರಿ ಒಳ್ಳೆಯದು. ಒಂದು ಕಡೆ ಸುಮಾರು 2 ಮಿಲಿಮೀಟರಿನ ಸಣ್ಣ ಎಳೆ, ಇನ್ನೊಂದು ಕಡೆ 3 ಮಿಲಿಮೀಟರಿನ ದಪ್ಪ ಎಳೆ ಬರುತ್ತದೆ. ಸಣ್ಣ ಎಳೆ ಹಸಿಯಾಗಿ ತಿನ್ನುವುದಕ್ಕೆ, ದಪ್ಪ ಎಳೆ ಬಾಣಲೆಗೆ.

ಕ್ರಾಫರ್ಡ್ ಮಾರುಕಟ್ಟೆ, ಭುಲೇಶ್ವರದ ಸುತ್ತಲಿನ ಅಡುಗೆ ಸಾಮಾನಿನ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಸಾಧ್ಯವಿದ್ದರೆ ಹಾಗೆಯೇ ಮಾಡಿ. ಅಲಗು ಸ್ಟೀಲಿನದಾಗಿರಬೇಕು. ಅಲಗು ಕೂತ ಕಡೆ ಬೆರಳಿನಿಂದ ಪ್ಲಾಸ್ಟಿಕ್ಕನ್ನು ಒತ್ತಿ ನೋಡಿ, ಅಲ್ಲಾಡಿದರೆ ಬೇಡ. ಮುಳ್ಳುಗಳಿರುವ ಮುಚ್ಚಳ ಜೊತೆಗೆ ಬರಲೇಬೇಕು. ಅದಿಲ್ಲದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ. ಕೊನೆಯ ತುಂಡನ್ನು ಅದರಿಂದಲೇ ಹಿಡಿಯಬೇಕು, ಇಲ್ಲವಾದರೆ ಬೆರಳೇ ಅಲಗಿಗೆ ಹತ್ತಿರವಾಗುತ್ತದೆ. ಬಾಯಿಯ ಅಗಲ ಐದು ಸೆಂಟಿಮೀಟರಿನ ಆಸುಪಾಸು ಇದ್ದರೆ ನಮ್ಮ ಮಾರುಕಟ್ಟೆಯ ಬಹುತೇಕ ತರಕಾರಿಗೆ ಸಾಲುತ್ತದೆ.

ಯಾವ ತರಕಾರಿ, ಯಾವುದು ಬೇಡ

ಮೂರು ಗುಣ ನೋಡಿ: ನೇರವಾಗಿರಬೇಕು, ಒಳಗೆ ಪೊಳ್ಳಿರಬಾರದು, ಮೂರೂವರೆಯಿಂದ ಐದು ಸೆಂಟಿಮೀಟರ್ ದಪ್ಪ ಇರಬೇಕು. ತೀರಾ ಸಣಕಲಾದರೆ ಎಲ್ಲವೂ ನಡುವಿನ ಕಡ್ಡಿಯೇ ಆಗಿ ಹೋಗುತ್ತದೆ, ಎಳೆ ಎಂಬುದು ನಾಲ್ಕು ಚೂರು.

ಕಲಿಯುವುದಕ್ಕೆ ಜುಕಿನಿ ಎಲ್ಲಕ್ಕಿಂತ ಸುಲಭ. ಬಾಂದ್ರಾದ ಪಾಲಿ ಮಾರುಕಟ್ಟೆಯಲ್ಲಿ, ಕ್ರಾಫರ್ಡ್ ಮಾರುಕಟ್ಟೆಯಲ್ಲಿ, ದೊಡ್ಡ ಅಂಗಡಿಗಳಲ್ಲಿ ಹಸಿರು, ಹಳದಿ ಎರಡೂ ಸಿಗುತ್ತವೆ. ಸಣ್ಣದನ್ನು, ಮುಟ್ಟಿದರೆ ಗಟ್ಟಿ ಇರುವುದನ್ನು ಆರಿಸಿ. ದೊಡ್ಡ ಜುಕಿನಿಯಲ್ಲಿ ಬೀಜವೂ ಹೆಚ್ಚು, ನೀರೂ ಹೆಚ್ಚು. ಆದರೆ ಜುಕಿನಿ ಇಲ್ಲದೆ ಈ ಅಡುಗೆಯೇ ಇಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. ಪಕ್ಕದ ಭಾಜಿಯವನ ಗಾಡಿಯಲ್ಲಿರುವ ಮೂಲಂಗಿ, ಅಂದರೆ ಇಲ್ಲಿನ ಮುಳಾ, ಆಕಾರದಲ್ಲಿ ಈ ಉಪಕರಣಕ್ಕೆಂದೇ ಬೆಳೆದಂತಿದೆ. ಬೆಲೆಯಲ್ಲಿ ಜುಕಿನಿಯ ಹತ್ತಿರಕ್ಕೂ ಬರುವುದಿಲ್ಲ.

ಕ್ಯಾರೆಟ್‌ನಲ್ಲಿ ಕಿತ್ತಳೆ ಬಣ್ಣದ್ದು ಗಟ್ಟಿ, ಎಳೆ ತುಂಡಾಗದೆ ಬರುತ್ತದೆ. ಚಳಿಗಾಲದಲ್ಲಿ ಬರುವ ಕೆಂಪು ಗಾಜರ್ ರುಚಿಯಲ್ಲಿ ಮೇಲು, ಆದರೆ ಬಾಲದ ಕಡೆ ಸಪೂರವಾಗುತ್ತ ಹೋಗುತ್ತದೆ. ಮೇಲಿನ ದಪ್ಪ ಅರ್ಧವನ್ನು ತಿರುಗಿಸಿ, ಬಾಲವನ್ನು ಹುಳಿಗೆ ಹಾಕಿ. ಸೌತೆಕಾಯಿ ಎಳೆಯದಿರಬೇಕು, ಬಲಿತದ್ದರ ಬೀಜದ ಭಾಗ ಅಲಗಿಗೆ ಸಿಕ್ಕಿ ಲೋಳೆಯಾಗುತ್ತದೆ. ಗೆಣಸು, ಇಲ್ಲಿನವರ ರತಾಳೆ, ಚೆನ್ನಾಗಿಯೇ ಬರುತ್ತದೆ, ಕೈಗೆ ಬಲ ಬೇಕು ಅಷ್ಟೆ. ಬೀಟ್‌ರೂಟ್, ಆಲೂಗಡ್ಡೆ, ನವಿಲುಕೋಸು ದುಂಡಗಿರುವುದರಿಂದ ಸುತ್ತಲೂ ಚಾಕುವಿನಿಂದ ಕತ್ತರಿಸಿ ಕಂಬದ ಆಕಾರಕ್ಕೆ ತರಬೇಕು. ಕತ್ತರಿಸಿದ ಚೂರು ಪಲ್ಯಕ್ಕಾಯಿತು.

ಮಾಟುಂಗಾ ಮಾರುಕಟ್ಟೆಗೆ ಹೋದವರಿಗೆ ಮಂಗಳೂರು ಸೌತೆ ಕಣ್ಣಿಗೆ ಬೀಳದೆ ಇರುವುದಿಲ್ಲ. ಅದನ್ನು ಸಾಂಬಾರಿಗೆ ತನ್ನಿ, ಇದಕ್ಕೆ ಬೇಡ: ದಪ್ಪವೂ ಹೆಚ್ಚು, ನಡುವೆ ಪೊಳ್ಳು. ಪಡುವಲಕಾಯಿಯೂ ಪೊಳ್ಳು. ಹೀರೆಕಾಯಿ ಮೆತ್ತಗೆ, ಬದನೆ ಇನ್ನೂ ಮೆತ್ತಗೆ, ಅಲಗು ಕೊರೆಯುವ ಬದಲು ಅರೆಯುತ್ತದೆ.

ಸೋರೆಕಾಯಿ, ಇಲ್ಲಿನ ದೂಧಿ, ಎಳೆಯದಾಗಿ ಸಣ್ಣಗಿದ್ದರೆ ಜುಕಿನಿಯಷ್ಟೇ ಚೆನ್ನಾಗಿ ಬರುತ್ತದೆ. ಆದರೆ ಇಲ್ಲಿ ಒಂದು ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಕತ್ತರಿಸಿದ ಕೂಡಲೇ ಉಗುರಿನಷ್ಟು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಿರಿ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ರಕ್ತಭೇದಿ, ರಕ್ತದೊತ್ತಡದ ಕುಸಿತ ಆಗಿ ಪ್ರಾಣಕ್ಕೇ ಕುತ್ತು ಬಂದದ್ದಿದೆ. ಅದೇ ಕುಟುಂಬದ ಸೌತೆ, ಜುಕಿನಿಗಳಿಗೂ ಈ ಪರೀಕ್ಷೆ ಮಾಡಿ. ಹಣ ಕೊಟ್ಟು ತಂದದ್ದು ಎಂದು ಕಹಿಯನ್ನು ಮಸಾಲೆಯಲ್ಲಿ ಮುಚ್ಚಿಹಾಕಬೇಡಿ.

ತಿರುಗಿಸುವ ಕ್ರಮ

ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ; ಒದ್ದೆಯಾದರೆ ಹಿಡಿತ ಜಾರುತ್ತದೆ. ಜುಕಿನಿ, ಸೌತೆಕಾಯಿಯ ಸಿಪ್ಪೆ ಇರಲಿ, ಅದು ಎಳೆಗೆ ಬಿಗಿ ಕೊಡುತ್ತದೆ. ಕ್ಯಾರೆಟ್, ಮೂಲಂಗಿ, ಬೀಟ್, ಗೆಣಸು, ಸೋರೆಯ ಸಿಪ್ಪೆ ಹೆರೆಯಿರಿ. ಎರಡೂ ತುದಿಯನ್ನು ಓರೆಯಾಗದಂತೆ ಸಮವಾಗಿ ಕತ್ತರಿಸಿ. ಗೇಣಿಗಿಂತ ಉದ್ದವಿದ್ದರೆ ಎರಡು ತುಂಡು ಮಾಡಿ, ಉದ್ದ ತರಕಾರಿ ಕೈಯಲ್ಲಿ ತೂಗಾಡುತ್ತದೆ.

ಅಗಲವಾದ ತಟ್ಟೆಯ ಮೇಲೆ ಉಪಕರಣವನ್ನು ಎಡಗೈಯಲ್ಲಿ ಹಿಡಿದು, ತರಕಾರಿಯ ತುದಿಯನ್ನು ಬಾಯಿಯ ನಟ್ಟನಡುವೆ ಇಟ್ಟು, ಮೇಲೆ ಬಾಣದ ಗುರುತಿದ್ದರೆ ಆ ದಿಕ್ಕಿಗೆ, ಇಲ್ಲವಾದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಮೊದಲ ಒಂದೆರಡು ಸುತ್ತಿನಲ್ಲಿ ಚೂರುಚೂರೇ ಬರುತ್ತದೆ, ಅದು ಅಲಗಿಗೆ ಹಾದಿ ಮಾಡಿಕೊಳ್ಳುವ ಹೊತ್ತು. ಆಮೇಲೆ ಕೈಗೆ ಒಂದು ಬದಲಾವಣೆ ತಿಳಿಯುತ್ತದೆ: ತಡೆ ಹದವಾಗುತ್ತದೆ, ಸರಸರ ಸದ್ದು ಒಂದೇ ಸಮ ಬರುತ್ತದೆ, ಕಿಂಡಿಯಿಂದ ಎಳೆ ಸುರುಳಿ ಸುತ್ತುತ್ತ ತಟ್ಟೆಗೆ ಇಳಿಯುತ್ತದೆ. ಆಗ ಒತ್ತುವುದನ್ನು ಕಡಿಮೆ ಮಾಡಿ, ತಿರುಗಿಸುವುದನ್ನು ಮಾತ್ರ ಮುಂದುವರಿಸಿ. ಜೋರಾಗಿ ಒತ್ತಿದಷ್ಟೂ ಎಳೆ ಮುರಿಯುತ್ತದೆ. ಉದ್ದ ಎಳೆ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ಅರ್ಧಚಂದ್ರದ ಚೂರುಗಳಾದರೆ ತರಕಾರಿ ವಾಲಿದೆ ಎಂದು ಅರ್ಥ. ಹೊರಗೆ ತೆಗೆದು, ತುದಿಯನ್ನು ಮತ್ತೆ ಸಮ ಮಾಡಿ ಶುರುಮಾಡಿ.

ಹೆಬ್ಬೆರಳಿನಷ್ಟು ಉಳಿದಾಗ ಮುಳ್ಳಿನ ಮುಚ್ಚಳವನ್ನು ಚುಚ್ಚಿ ಅದರಿಂದಲೇ ತಿರುಗಿಸಿ. ಮಕ್ಕಳಿಗೆ ತಿರುಗಿಸುವ ಆಸೆ ಇದ್ದೇ ಇರುತ್ತದೆ, ಮೊದಲ ಭಾಗವನ್ನು ನಿಮ್ಮ ಎದುರಿಗೇ ಮಾಡಲಿ, ಈ ಕೊನೆಯ ಭಾಗ ದೊಡ್ಡವರ ಕೆಲಸ. ಹಲವು ತರಕಾರಿ ಇದ್ದರೆ ತಿಳಿಬಣ್ಣದ್ದು ಮೊದಲು, ಬೀಟ್ ಕೊನೆಗೆ.

ಎಳೆಗಳನ್ನು ಕತ್ತರಿಯಿಂದ ಗೇಣುದ್ದಕ್ಕೆ ಕತ್ತರಿಸಲು ಮರೆಯಬೇಡಿ. ಒಂದು ಜುಕಿನಿಯಿಂದ ಕೆಲವು ಮೀಟರ್ ಉದ್ದದ ಒಂದೇ ಎಳೆ ಬರಬಹುದು. ನೋಡಲು ಚೆಂದ, ಬಡಿಸುವಾಗ ಮೊದಲನೆಯವರ ತಟ್ಟೆಗೆ ಎಲ್ಲವೂ ಒಟ್ಟಿಗೆ ಬೀಳುತ್ತದೆ. ಉಳಿದ ನಡುಕಡ್ಡಿಯನ್ನು ಹೆಚ್ಚಿ ಸಾಂಬಾರಿಗೆ ಹಾಕಿ.

ಉಪಕರಣವನ್ನು ಕೂಡಲೇ ನಲ್ಲಿಯ ಕೆಳಗೆ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಲಗಿನ ಹಿಂಬದಿಯಿಂದ ಹೊರಮುಖವಾಗಿ ಉಜ್ಜಿ. ಒಣಗಿದ ಮೇಲೆ ಉಜ್ಜುವುದು ಕಷ್ಟದ ಕೆಲಸ. ಕ್ಯಾರೆಟ್ಟಿನ ಹಳದಿ ಕಲೆಗೆ ಒಂದು ಹನಿ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ. ಮಳೆಗಾಲದಲ್ಲಿ ಒರೆಸಿ, ಗಾಳಿಗಿಟ್ಟು, ಪೂರ್ತಿ ಒಣಗಿಸಿಯೇ ಒಳಗಿಡಿ.

ನೀರಿನ ಲೆಕ್ಕ

ಜುಕಿನಿ, ಮೂಲಂಗಿ, ಸೌತೆ, ಸೋರೆ ಇವುಗಳ ಅರ್ಧ ಕಿಲೋ ಎಳೆಗೆ ಅರ್ಧ ಚಮಚ ಉಪ್ಪು ಸವರಿ ತೂತಿನ ಪಾತ್ರೆಯಲ್ಲಿ 15ರಿಂದ 20 ನಿಮಿಷ ಬಿಡಿ. ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತದೆ. ಆಮೇಲೆ ಹಳೆಯ ತೆಳು ಪಂಚೆಯ ತುಂಡಿನಲ್ಲಿ ಒಂದೊಂದು ಹಿಡಿಯಾಗಿ ಹಾಕಿ ಹಿಂಡಿ. ಎಳೆ ಮುರಿಯುತ್ತದೆಂಬ ಹೆದರಿಕೆ ಬೇಡ. ಉಪ್ಪು ಹಿಡಿದ ಎಳೆ ಬಾಗುತ್ತದೆ, ತುಂಡಾಗುವುದಿಲ್ಲ. ಹಿಂಡಿದ್ದನ್ನು ಚೆಲ್ಲಬೇಡಿ: ಮೂಲಂಗಿಯ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿದರೆ ಒಳ್ಳೆಯ ರುಚಿ. ಉಪ್ಪು ಅದರಲ್ಲೇ ಇರುವುದರಿಂದ ಹಿಟ್ಟಿಗೆ ಬೇರೆ ಬೇಕಾಗುವುದಿಲ್ಲ. ಎಳೆಯಲ್ಲೂ ಉಪ್ಪು ಉಳಿದಿರುತ್ತದೆ, ಆದ್ದರಿಂದ ಅಡುಗೆಗೆ ಕೊನೆಯಲ್ಲಿ ರುಚಿ ನೋಡಿಯೇ ಉಪ್ಪು ಹಾಕಿ.

ಕ್ಯಾರೆಟ್, ಬೀಟ್‌ಗೆ ಇದಾವುದೂ ಬೇಡ. ಆಲೂಗಡ್ಡೆಯದು ತಿರುಗುಮುರುಗು: ತಣ್ಣೀರಿನಲ್ಲಿ ಹಾಕಿ, ಪಿಷ್ಟ ಬಿಟ್ಟು ಬೆಳ್ಳಗಾದ ನೀರನ್ನು ತಿಳಿಯಾಗುವವರೆಗೆ ಬದಲಿಸಿ, ಬಟ್ಟೆಯ ಮೇಲೆ ಆರಿಸಬೇಕು. ಇಲ್ಲವಾದರೆ ಬಾಣಲೆಗೆ ಅಂಟಿ ಮುದ್ದೆಯಾಗುತ್ತದೆ.

ಎಷ್ಟು ಹಿಂಡಿದರೂ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಅದನ್ನು ಕುಡಿಯುವ ವಸ್ತು ನಮ್ಮ ಅಡುಗೆಮನೆಯಲ್ಲೇ ಇದೆ. ನಮ್ಮ ಅತ್ತೆಯವರು ವಿಜಯಪುರದ ಕಡೆಯವರು, ಅವರ ಮನೆಯಲ್ಲಿ ಶೇಂಗಾ ಪುಡಿಯ ಡಬ್ಬಿ ಖಾಲಿ ಇದ್ದದ್ದೇ ಇಲ್ಲ. ಹುರಿದ ಶೇಂಗಾ ತರಿತರಿಯಾಗಿ ಕುಟ್ಟಿದ್ದು ಎರಡು ಚಮಚ ಉದುರಿಸಿದರೆ ಎಳೆಗಳ ತೇವ ಅದರೊಳಗೆ ಹೋಗಿ, ಪ್ರತಿ ಎಳೆಗೂ ರುಚಿಯ ಲೇಪ ಹತ್ತುತ್ತದೆ. ಮರಾಠಿ ಮನೆಗಳ ಖಮಂಗ ಕಾಕಡಿಯಲ್ಲೂ ಇದೇ ಉಪಾಯ: ಹೆಚ್ಚಿದ ಸೌತೆಕಾಯಿ ಹಿಂಡಿ, ಶೇಂಗಾ ಪುಡಿ, ತೆಂಗಿನ ತುರಿ ಸೇರಿಸುತ್ತಾರೆ. ಹುರಿಗಡಲೆ ಪುಡಿಯೂ ಆದೀತು.

ಇನ್ನು ಉರಿ. ಅಗಲ ಬಾಣಲೆ, ಜೋರು ಉರಿ, ಮುಚ್ಚಳವಿಲ್ಲ, ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ. ಬಾಣಲೆ ತುಂಬಿದರೆ ಹಬೆ ಹೊರಹೋಗಲು ದಾರಿಯಿಲ್ಲದೆ ಎಳೆಗಳು ತಮ್ಮ ನೀರಿನಲ್ಲೇ ಬೇಯುತ್ತವೆ. ಜುಕಿನಿ, ಮೂಲಂಗಿಗೆ ಒಂದೆರಡು ನಿಮಿಷ, ಕ್ಯಾರೆಟ್‌ಗೆ ಮೂರು ನಾಲ್ಕು ನಿಮಿಷ, ಗೆಣಸಿಗೆ ಐದಾರು ನಿಮಿಷ. ಕಚ್ಚಿದರೆ ಇನ್ನೂ ಸ್ವಲ್ಪ ಬಿಗಿ ಇದೆ ಅನ್ನಿಸಿದಾಗಲೇ ಒಲೆ ಆರಿಸಿ, ಬಾಣಲೆಯ ಬಿಸಿಗೆ ಉಳಿದದ್ದು ಬೇಯುತ್ತದೆ.

ಒಗ್ಗರಣೆ ಕೊಟ್ಟದ್ದು

ಎಳೆಯ ಊಟ ನಮಗೇನು ಹೊಸದಲ್ಲ. ಕರಾವಳಿಯಿಂದ ಬಂದ ಎಷ್ಟೋ ಮುಂಬಯಿ ಮನೆಗಳ ಅಟ್ಟದಲ್ಲಿ ಶ್ಯಾವಿಗೆ ಒರಳು ಈಗಲೂ ಇದೆ. ಒತ್ತು ಶ್ಯಾವಿಗೆಗೆ ಕೊಡುವ ಒಗ್ಗರಣೆಯೇ ಈ ನೂಡಲ್ಸ್‌ಗೂ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ಟೊಮೆಟೊ ಸಾಸಿನ ಇಟಾಲಿಯನ್ ರೀತಿಯಲ್ಲಿ ಸಾಸಿನ ನೀರೂ ಸೇರಿಕೊಂಡು ಕಷ್ಟ ಇಮ್ಮಡಿಯಾಗುತ್ತದೆ.

ಇಬ್ಬರಿಗೆ ಎರಡು ಮಧ್ಯಮ ಜುಕಿನಿ ಅಥವಾ ಒಂದು ದೊಡ್ಡ ಮೂಲಂಗಿ, ಒಂದು ದಪ್ಪ ಕ್ಯಾರೆಟ್ ಸಾಕು. ಒಂದು ದೊಡ್ಡ ಚಮಚ ಎಣ್ಣೆಗೆ ಸಾಸಿವೆ ಹಾಕಿ, ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಒಂದು ಹಿಡಿ ಶೇಂಗಾ ಹಾಕಿ ಕೆಂಪಗಾಗಿಸಿ. ಸೀಳಿದ ಹಸಿಮೆಣಸು, ಕರಿಬೇವು, ಇಂಗು, ಚಿಟಿಕೆ ಅರಿಸಿನ ಸೇರಲಿ. ಉರಿ ಜೋರು ಮಾಡಿ ಮೊದಲು ಕ್ಯಾರೆಟ್ ಎಳೆ, ಎರಡು ನಿಮಿಷದ ನಂತರ ಹಿಂಡಿದ ಜುಕಿನಿ. ಸೌಟಿನಿಂದ ಕಲಕದೆ ಎರಡು ಚಮಚಗಳಿಂದ ಮೇಲಕ್ಕೆತ್ತಿ ಬಿಡುತ್ತ ಇನ್ನೆರಡು ನಿಮಿಷ ಬಾಡಿಸಿ. ಒಲೆ ಆರಿಸಿ, ಮೂರು ಚಮಚ ತೆಂಗಿನ ತುರಿ, ಕೊತ್ತಂಬರಿ ಸೊಪ್ಪು ಹಾಕಿ. ನಿಂಬೆರಸವನ್ನು ತಟ್ಟೆಗೆ ಬಡಿಸಿದ ಮೇಲೆಯೇ ಹಿಂಡಿ.

ಬೇಯಿಸದೆ ಬೇಕೆಂದರೆ ಕೋಸಂಬರಿ. ತಿರುಗಿಸುವ ಮೊದಲು ಸೌತೆಕಾಯಿಯ ಒಂದು ಬದಿಗೆ ಉದ್ದಕ್ಕೂ ನಡುವಿನವರೆಗೆ ಒಂದು ಸೀಳು ಹಾಕಿ. ಉದ್ದ ಎಳೆಯ ಬದಲು ಚಿಕ್ಕ ಚಿಕ್ಕ ಬಳೆತುಂಡುಗಳು ಬಿದ್ದು ಚಮಚಕ್ಕೆ ಸಿಗುತ್ತವೆ. ಒಂದು ಗಂಟೆ ನೆನೆದು ಬಸಿದ ಹೆಸರುಬೇಳೆ, ಕ್ಯಾರೆಟ್ ಎಳೆ, ತೆಂಗು, ಒಗ್ಗರಣೆ ಸೇರಿಸಿ.

ಉಪವಾಸದ ದಿನ ಫಲಾಹಾರ ಮಾಡುವವರು ಗೆಣಸನ್ನು ಹಿಡಿಯಿರಿ. ಮಹಾರಾಷ್ಟ್ರದ ರತಾಳೆಯ ಕೀಸ್ ತುರಿದ ಗೆಣಸಿನಿಂದ ಆಗುತ್ತದೆ. ಎಳೆಯಿಂದ ಮಾಡಿದರೆ ಮುದ್ದೆಗಟ್ಟದೆ ಬಿಡಿಬಿಡಿಯಾಗಿ ಉಳಿಯುತ್ತದೆ. ತುಪ್ಪ, ಜೀರಿಗೆ, ಹಸಿಮೆಣಸು, ಶೇಂಗಾ ಪುಡಿ, ಚಿಟಿಕೆ ಸಕ್ಕರೆ, ಇಷ್ಟೇ.

ಮಕ್ಕಳು ರಸ್ತೆಬದಿಯ ಚೈನೀಸ್ ಗಾಡಿಯ ರುಚಿ ಕೇಳಿದರೆ ಬೆಳ್ಳುಳ್ಳಿ, ಶೆಜ್ವಾನ್ ಚಟ್ನಿ, ಸೋಯಾ ಸಾಸನ್ನು ಮೊದಲು ಬೇರೆ ಬಾಣಲೆಯಲ್ಲಿ ಗಟ್ಟಿಯಾಗಿ ಕುದಿಸಿ, ಕೊನೆಯ ನಿಮಿಷದಲ್ಲಿ ಎಳೆಗೆ ಸೇರಿಸಿ. ಸೋಯಾ ಸಾಸಿನಲ್ಲಿ ಉಪ್ಪು ಸಾಕಷ್ಟಿದೆ, ಹಾಗಾಗಿ ಈ ಒಂದು ಅಡುಗೆಗೆ ಎಳೆಗಳಿಗೆ ಉಪ್ಪು ಸವರದೆ ಬಟ್ಟೆಯಲ್ಲಿ ಒತ್ತಿದರೆ ಸಾಕು. ತರಕಾರಿ ಎಂದರೆ ಮುಖ ತಿರುಗಿಸುವ ಮಗುವಿಗೆ ಅರ್ಧ ಗೋಧಿ ನೂಡಲ್ಸ್, ಅರ್ಧ ಕ್ಯಾರೆಟ್ ಎಳೆ ಬೆರೆಸಿ ಕೊಡಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಬೇಯಿಸಿದ ಗೋಧಿ ಪಾಸ್ತಾದ 100 ಗ್ರಾಂನಲ್ಲಿ 25ರಿಂದ 30 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ಜುಕಿನಿಯಲ್ಲಿ ಸುಮಾರು 3 ಗ್ರಾಂ, ಕ್ಯಾರೆಟ್‌ನಲ್ಲಿ ಸುಮಾರು 10 ಗ್ರಾಂ. ಆದರೆ ಹಸಿ ಆಲೂಗಡ್ಡೆಯಲ್ಲಿ ಸುಮಾರು 17, ಗೆಣಸಿನಲ್ಲಿ ಸುಮಾರು 20 ಗ್ರಾಂ ಇದೆ. ಎಳೆಯ ಆಕಾರಕ್ಕೆ ಬಂದ ಮಾತ್ರಕ್ಕೆ ಅವು ಹಗುರವಾಗುವುದಿಲ್ಲ. ಜುಕಿನಿಯಲ್ಲಿ ಪ್ರೋಟೀನೂ ಅತ್ಯಲ್ಪ, ಆದ್ದರಿಂದ ಅದನ್ನೇ ಊಟವೆಂದು ತಿಂದರೆ ಬೇಗ ಹಸಿವಾಗುತ್ತದೆ. ಮೊಳಕೆ ಹೆಸರು, ಪನೀರ್, ಮೊಟ್ಟೆ ಅಥವಾ ಸಿಗಡಿ ಜೊತೆಗಿರಲಿ.

ಡಬ್ಬಿಗೆ

ಬೆಳಗ್ಗೆ ಆರೂವರೆಯ ಲೋಕಲ್ ಹಿಡಿಯುವವರು ಎಳೆಗಳನ್ನು ರಾತ್ರಿಯೇ ಮಾಡಿಡಬಹುದು. ಮುಚ್ಚಳದ ಡಬ್ಬಿಯ ತಳಕ್ಕೆ ಒಣ ಬಟ್ಟೆ ಹಾಸಿ, ಉಪ್ಪು ಹಾಕದೆ, ಫ್ರಿಜ್‌ನಲ್ಲಿಡಿ. ಜುಕಿನಿ, ಸೌತೆ ಎರಡು ದಿನ, ಕ್ಯಾರೆಟ್, ಬೀಟ್ ನಾಲ್ಕು ದಿನ ಚೆನ್ನಾಗಿರುತ್ತವೆ. ಫ್ರೀಜರ್‌ಗೆ ಮಾತ್ರ ಹಾಕಬೇಡಿ, ಕರಗಿದಾಗ ಜುಕಿನಿ ಲೋಳೆಯಾಗುತ್ತದೆ. ಕಚೇರಿಗೆ ಒಯ್ಯುವುದಾದರೆ ಕ್ಯಾರೆಟ್, ಬೀಟ್ ಎಳೆಗಳೇ ಸರಿ, ಅವು ರೈಲಿನ ಸೆಕೆಯಲ್ಲೂ ಬಾಡುವುದು ನಿಧಾನ. ಎಳೆಗಳು ದೊಡ್ಡ ಡಬ್ಬಿಯಲ್ಲಿ, ಆರಿದ ಒಗ್ಗರಣೆ ಮತ್ತು ಶೇಂಗಾ ಪುಡಿ ಸಣ್ಣ ಡಬ್ಬಿಯಲ್ಲಿ, ನಿಂಬೆಹೋಳು ಬೇರೆ. ಉಪ್ಪು ಒಗ್ಗರಣೆಯ ಡಬ್ಬಿಯಲ್ಲೇ ಇರಲಿ. ಊಟಕ್ಕೆ ಕೂತ ಮೇಲೆ ಎಲ್ಲವನ್ನೂ ಕಲಸಿ, ಎಳೆ ನೀರು ಬಿಡುವ ಮೊದಲೇ ತಿಂದು ಮುಗಿಸಿ.